ಅಚ್ಚು ಬೇರೆ, ಕೊಂಡಿ ಬೇರೆ: ಮ್ಯಾಡ್‌ಕ್ಯಾಪ್ ಫ್ಲೇರ್‌ನಲ್ಲಿ ಮರುಬಳಕೆಯ ಪಠ್ಯವನ್ನು ಕಟ್ಟುವ ಬಗೆ

ಬಳಕೆದಾರರ ಕೈಪಿಡಿಯೊಂದರಲ್ಲಿ ‘ಮುಂದುವರಿಯುವ ಮೊದಲು ಲೆಕ್ಕದ ಬ್ಯಾಕಪ್ ತೆಗೆದಿಟ್ಟುಕೊಳ್ಳಿ’ ಎಂಬ ಎಚ್ಚರಿಕೆ 40 ಕಡೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಮುಂದಿನ ಆವೃತ್ತಿಯಲ್ಲಿ ಬ್ಯಾಕಪ್‌ನ ಮೆನು ಬೇರೆ ಜಾಗಕ್ಕೆ ಹೋದರೆ 40 ಕಡೆಯೂ ತಿದ್ದಬೇಕು. 37 ಕಡೆ ತಿದ್ದಿ ಮೂರನ್ನು ಮರೆತರೆ, ಸಹಾಯವಾಣಿಗೆ ಕರೆ ಬರುವುದು ಆ ಮೂರು ಪುಟಗಳನ್ನು ಓದಿದವರಿಂದಲೇ. ಇದನ್ನು ತಪ್ಪಿಸುವ ಸಲಕರಣೆಗಳು ಸಹಾಯ ಕೈಪಿಡಿ ತಯಾರಿಸುವ ತಂತ್ರಾಂಶಗಳಲ್ಲಿ ಬಹಳ ಕಾಲದಿಂದ ಇವೆ. ಯಾವ ಸಲಕರಣೆಯನ್ನು ಯಾವುದಕ್ಕೆ ಬಳಸಬೇಕು ಎಂಬಲ್ಲಿ ಎಡವುವವರೇ ಹೆಚ್ಚು, ಅದರಲ್ಲೂ ಕನ್ನಡದಲ್ಲಿ ಬರೆಯುವಾಗ ಇಂಗ್ಲಿಷ್ ಕೈಪಿಡಿಗಳ ರೂಢಿಯನ್ನು ಹಾಗೆಯೇ ಅನುಸರಿಸಿದರೆ ಎಡವುವುದು ಖಂಡಿತ.

ಈ ಲೇಖನದಲ್ಲಿ ಮ್ಯಾಡ್‌ಕ್ಯಾಪ್ ಫ್ಲೇರ್ ಎಂಬ ತಂತ್ರಾಂಶವನ್ನು ಆರಿಸಿಕೊಂಡಿದ್ದೇನೆ. ಇಂಥದೇ ಇನ್ನೊಂದು ತಂತ್ರಾಂಶವಾದ ರೋಬೋಹೆಲ್ಪ್ ತಯಾರಿಕೆಯಲ್ಲಿ ತೊಡಗಿದ್ದ ಕೆಲವರು 2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮ್ಯಾಡ್‌ಕ್ಯಾಪ್ ಕಂಪನಿಯನ್ನು ಆರಂಭಿಸಿದರು. ಫ್ಲೇರ್‌ನ ಮೊದಲ ಆವೃತ್ತಿ 2006ರಲ್ಲಿ ಬಂತು. ಅಡೋಬಿ ರೋಬೋಹೆಲ್ಪ್ ಬಳಸುವವರಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ, ಏಕೆಂದರೆ ಸ್ನಿಪೆಟ್, ವೇರಿಯಬಲ್, ಕಂಡಿಶನ್ ಎಂಬ ಕಲ್ಪನೆಗಳು (ಇವೇನೆಂದು ಮುಂದೆ ನೋಡೋಣ) ಅಲ್ಲಿಯೂ ಇವೆ. ಫ್ಲೇರ್‌ನ ಮೆನುಗಳು ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಆಚೀಚೆ ಆಗುವುದುಂಟು, ಹೆಸರುಗಳು ಮಾತ್ರ ಹೆಚ್ಚುಕಡಿಮೆ ಅವೇ ಉಳಿದಿವೆ.

ಉದಾಹರಣೆಗಾಗಿ, ಹಾಲು ಉತ್ಪಾದಕರ ಸಹಕಾರ ಸಂಘಗಳ ಲೆಕ್ಕ ಇಡುವ ಒಂದು ತಂತ್ರಾಂಶವನ್ನು ಕಲ್ಪಿಸಿಕೊಳ್ಳೋಣ. ಅದರ ಹೆಸರು ‘ಗಿಂಡಿ’ ಎಂದಿರಲಿ. ಬೆಳಗಿನ ಮತ್ತು ಸಂಜೆಯ ಹಾಲಿನ ಅಳತೆ, ಫ್ಯಾಟ್ ಹಾಗೂ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ದಾಖಲೆ, ಸದಸ್ಯರಿಗೆ ಬಟವಾಡೆ ಇಷ್ಟು ಅದರ ಕೆಲಸ. ಕೈಪಿಡಿಯನ್ನು ಓದುವವರು ಸಂಘದ ಕಾರ್ಯದರ್ಶಿ ಮತ್ತು ಹಾಲು ಪರೀಕ್ಷಕರು.

ಮೊದಲು ತಿಳಿಯಬೇಕಾದ ವ್ಯತ್ಯಾಸ

ಫ್ಲೇರ್‌ನಲ್ಲಿ ‘ಟೆಂಪ್ಲೇಟ್’ ಎಂದರೆ ಅಚ್ಚು. ಅಚ್ಚಿನಿಂದ ಇಟ್ಟಿಗೆ ತೆಗೆದ ಮೇಲೆ ಇಟ್ಟಿಗೆಗೂ ಅಚ್ಚಿಗೂ ಸಂಬಂಧವಿಲ್ಲ. ಅಚ್ಚನ್ನು ಬದಲಿಸಿದರೆ ಮುಂದೆ ತೆಗೆಯುವ ಇಟ್ಟಿಗೆಗಳು ಬದಲಾಗುತ್ತವೆಯೇ ಹೊರತು ಗೋಡೆಯಲ್ಲಿ ಈಗಾಗಲೇ ಕೂತಿರುವವು ಬದಲಾಗುವುದಿಲ್ಲ. ಟೆಂಪ್ಲೇಟಿನಿಂದ ಹೊಸ ಟಾಪಿಕ್ (ಕೈಪಿಡಿಯ ಒಂದು ಪುಟ) ತೆರೆದಾಗ ಅದರೊಳಗಿನ ಪಠ್ಯದ ಒಂದು ಪ್ರತಿ ಹೊಸ ಕಡತಕ್ಕೆ ಬರುತ್ತದೆ, ಅಷ್ಟೇ. ‘ಸ್ನಿಪೆಟ್’ ಹಾಗಲ್ಲ. ಸ್ನಿಪೆಟ್ ಪ್ರತ್ಯೇಕವಾದ ಒಂದು ಕಡತ. ಟಾಪಿಕ್‌ನಲ್ಲಿ ಇರುವುದು ಆ ಕಡತಕ್ಕೆ ಒಂದು ಕೊಂಡಿ ಮಾತ್ರ. ಮೂಲವನ್ನು ಒಮ್ಮೆ ತಿದ್ದಿದರೆ, ಕೊಂಡಿ ಹಾಕಿದ ಎಲ್ಲ ಪುಟಗಳಲ್ಲಿಯೂ ಹೊಸ ಪಠ್ಯವೇ ಕಾಣುತ್ತದೆ. ವೇರಿಯಬಲ್ ಕೂಡ ಇಂಥದೇ ಕೊಂಡಿ, ಆದರೆ ಒಂದು ಹೆಸರು, ಸಂಖ್ಯೆ ಇಂಥ ಚಿಕ್ಕ ಪಠ್ಯಕ್ಕೆ ಮೀಸಲಾದದ್ದು.

ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಹಾಯವಾಣಿಯ ಸಂಖ್ಯೆಯನ್ನು ಟೆಂಪ್ಲೇಟಿನಲ್ಲಿಯೇ ಬರೆದಿಟ್ಟಿದ್ದೆ. ಎಲ್ಲ ಪುಟಗಳಲ್ಲಿಯೂ ಒಂದೇ ರೀತಿ ಬರುತ್ತದೆಯಲ್ಲ ಎಂಬ ಸಮಾಧಾನ. ಸಂಖ್ಯೆ ಬದಲಾದ ದಿನ ಆ ಸಮಾಧಾನ ಹೋಯಿತು. ಆದ್ದರಿಂದ ನನ್ನ ನಿಯಮ ಇದು: ಮುಂದೆ ಬದಲಾಗಬಹುದಾದ ಯಾವ ಮಾತನ್ನೂ ಟೆಂಪ್ಲೇಟಿನೊಳಗೆ ನೇರವಾಗಿ ಬರೆಯಬಾರದು. ಟೆಂಪ್ಲೇಟಿನಲ್ಲಿ ಇರಬೇಕಾದದ್ದು ಪುಟದ ಅಸ್ಥಿಪಂಜರ ಮತ್ತು ಸ್ನಿಪೆಟ್, ವೇರಿಯಬಲ್‌ಗಳ ಕೊಂಡಿಗಳು. ಕೊಂಡಿಯ ಪ್ರತಿ ಬಂದರೂ ಅದು ಕೊಂಡಿಯಾಗಿಯೇ ಉಳಿಯುವುದರಿಂದ ತೊಂದರೆ ಇಲ್ಲ.

ಹೆಸರಿನ ಗೊಂದಲವೊಂದನ್ನು ಇಲ್ಲಿಯೇ ಬಿಡಿಸಿಬಿಡೋಣ. ಫ್ಲೇರ್‌ನಲ್ಲಿ ‘ಟೆಂಪ್ಲೇಟ್ ಪೇಜ್’ ಎಂಬ ಇನ್ನೊಂದು ವಸ್ತು ಇದೆ. ಹಳೆಯ ಆವೃತ್ತಿಗಳಲ್ಲಿ ಅದನ್ನು ‘ಮಾಸ್ಟರ್ ಪೇಜ್’ ಎನ್ನುತ್ತಿದ್ದರು. ಆನ್‌ಲೈನ್ ಔಟ್‌ಪುಟ್ (ಓದುಗರಿಗೆ ಕೊಡುವ ಸಿದ್ಧ ಕೈಪಿಡಿ) ತಯಾರಾಗುವಾಗ ಪ್ರತಿ ಟಾಪಿಕ್‌ನ ಸುತ್ತ ತಲೆಸಾಲು, ಅಡಿಸಾಲು ಮೊದಲಾದವನ್ನು ಜೋಡಿಸುವುದು ಅದರ ಕೆಲಸ. ಹಕ್ಕುಸ್ವಾಮ್ಯದ ಸಾಲಿನಂತೆ ಎಲ್ಲ ಪುಟಗಳ ಕೆಳಗೂ ಬರಬೇಕಾದದ್ದಕ್ಕೆ ಸರಿಯಾದ ಜಾಗ ಅದು, ಟಾಪಿಕ್‌ನ ಟೆಂಪ್ಲೇಟ್ ಅಲ್ಲ.

ಟೆಂಪ್ಲೇಟ್ ತಯಾರಿಸುವುದು

ಎಷ್ಟು ಟೆಂಪ್ಲೇಟ್ ಬೇಕು ಎಂಬುದನ್ನು ಊಹೆಯಿಂದ ನಿರ್ಧರಿಸಬೇಡಿ. ಈಗಾಗಲೇ ಬರೆದಿರುವ ಹತ್ತು ಹದಿನೈದು ಪುಟಗಳನ್ನು ಮುಂದಿಟ್ಟುಕೊಂಡು ಅವು ಯಾವ ಆಕಾರದಲ್ಲಿವೆ ನೋಡಿ. ಸಾಮಾನ್ಯವಾಗಿ ಮೂರು ಆಕಾರ ಸಿಗುತ್ತವೆ: ಒಂದು ವಿಷಯವನ್ನು ಪರಿಚಯಿಸುವ ಪುಟ, ಒಂದು ಕೆಲಸವನ್ನು ಹಂತ ಹಂತವಾಗಿ ಮಾಡಿಸುವ ಪುಟ, ಕೋಷ್ಟಕದಂತೆ ಮಾಹಿತಿ ಕೊಡುವ ಆಕರ ಪುಟ. ತಾಂತ್ರಿಕ ಬರಹವನ್ನು ಬಿಡಿ ಬಿಡಿ ಟಾಪಿಕ್‌ಗಳಾಗಿ ಬರೆಯುವ, 2005ರಲ್ಲಿ ಓಯಾಸಿಸ್ ಸಂಸ್ಥೆಯ ಮಾನದಂಡವಾದ ಡಿಟಾ ಪದ್ಧತಿಯಲ್ಲಿಯೂ ಇದೇ ಮೂರು ವಿಂಗಡಣೆ ಇದೆ. ನಾಲ್ಕನೆಯದೊಂದು ಬೇಕಾದರೆ ಅದು ದೋಷ ಸಂದೇಶ ಮತ್ತು ಪರಿಹಾರದ ಪುಟ. ಇಪ್ಪತ್ತು ಟೆಂಪ್ಲೇಟ್ ಮಾಡಿದರೆ ಬರೆಯುವವರು ಯಾವುದನ್ನೂ ಬಳಸುವುದಿಲ್ಲ.

‘ಬಟವಾಡೆ ಪಟ್ಟಿ ತಯಾರಿಸುವುದು’ ಎಂಬಂಥ ಕೆಲಸದ ಪುಟಕ್ಕೆ ಟೆಂಪ್ಲೇಟ್ ಮಾಡೋಣ. ಒಂದು ಖಾಲಿ ಟಾಪಿಕ್ ತೆರೆದು, ಶೀರ್ಷಿಕೆ, ‘ಈ ಕೆಲಸ ಯಾವಾಗ ಬೇಕಾಗುತ್ತದೆ’ ಎಂಬ ಒಂದು ಪ್ಯಾರಾ, ‘ಮೊದಲು ಸಿದ್ಧವಿರಬೇಕಾದವು’ ಎಂಬ ಉಪಶೀರ್ಷಿಕೆ, ಸಂಖ್ಯೆ ಹಾಕಿದ ಹಂತಗಳ ಪಟ್ಟಿ, ‘ಕೆಲಸ ಆಯಿತೆಂದು ತಿಳಿಯುವುದು ಹೇಗೆ’ ಎಂಬ ಕೊನೆಯ ಭಾಗ, ಇಷ್ಟನ್ನು ಸರಿಯಾದ ಶೈಲಿಗಳೊಂದಿಗೆ ಹಾಕಿ. ಪ್ರತಿ ಭಾಗದಲ್ಲಿ ಏನು ಬರೆಯಬೇಕೆಂಬ ಸೂಚನೆಯನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಈ ಸೂಚನೆಗಳು ಅಳಿಸಲು ಮರೆತು ಮುದ್ರಣಕ್ಕೆ ಹೋಗಿಬಿಡುವ ಅಪಾಯ ಇದ್ದೇ ಇದೆ. ಅದಕ್ಕೆ ‘ಬರಹಗಾರರಿಗೆ’ ಎಂಬ ಒಂದು ಕಂಡಿಶನ್ ಟ್ಯಾಗ್ (ಯಾವ ಭಾಗ ಕೈಪಿಡಿಯಲ್ಲಿ ಇರಬೇಕು, ಇರಬಾರದು ಎಂದು ತಿಳಿಸುವ ಗುರುತು) ಮಾಡಿ ಸೂಚನೆಯ ಸಾಲುಗಳಿಗೆಲ್ಲ ಹಚ್ಚಿ, ಪ್ರತಿ ಟಾರ್ಗೆಟ್‌ನಲ್ಲಿಯೂ (ಯಾವ ರೂಪದ ಔಟ್‌ಪುಟ್ ಬೇಕೆಂದು ಹೇಳುವ ಕಡತ) ಆ ಟ್ಯಾಗನ್ನು ‘ಎಕ್ಸ್‌ಕ್ಲೂಡ್’ ಎಂದು ಗುರುತಿಸಿಡಿ. ಆಗ ಸಂಪಾದಕದಲ್ಲಿ ಸೂಚನೆ ಕಾಣುತ್ತದೆ, ಓದುಗರ ಕೈಗೆ ಹೋಗುವುದಿಲ್ಲ.

ಟಾಪಿಕ್ ಸಿದ್ಧವಾದ ಮೇಲೆ ‘ಫೈಲ್’ ಮೆನುವಿನ ‘ಸೇವ್’ ಅಡಿಯಲ್ಲಿರುವ ‘ಸೇವ್ ಆ್ಯಸ್ ಟೆಂಪ್ಲೇಟ್’ ಆಯ್ದು ಹೆಸರು ಕೊಡಿ. ಅದು ನಿಮ್ಮ ಕಂಪ್ಯೂಟರಿನ ‘ಮೈ ಟೆಂಪ್ಲೇಟ್ಸ್’ ಫೋಲ್ಡರಿಗೆ ಸೇರುತ್ತದೆ. ನೀವೊಬ್ಬರೇ ಬರೆಯುವುದಾದರೆ ಇಷ್ಟೇ ಸಾಕು. ನಾಲ್ಕು ಜನ ಬರೆಯುವ ತಂಡವಾದರೆ ಎಲ್ಲರಿಗೂ ಸಿಗುವ ಜಾಲದ ಫೋಲ್ಡರೊಂದರಲ್ಲಿ ಟೆಂಪ್ಲೇಟುಗಳನ್ನು ಇಟ್ಟು, ‘ಟೂಲ್ಸ್’ನಲ್ಲಿರುವ ‘ಮ್ಯಾನೇಜ್ ಟೆಂಪ್ಲೇಟ್ಸ್’ ಮೂಲಕ ಪ್ರತಿಯೊಬ್ಬರೂ ಆ ಫೋಲ್ಡರನ್ನು ಸೇರಿಸಿಕೊಳ್ಳಬೇಕು. ಇದನ್ನು ಮಾಡದೆ ಟೆಂಪ್ಲೇಟನ್ನು ಇಮೇಲ್‌ನಲ್ಲಿ ಹಂಚಿದರೆ ಆರು ತಿಂಗಳಲ್ಲಿ ನಾಲ್ವರ ಹತ್ತಿರವೂ ನಾಲ್ಕು ಬಗೆಯ ಅಚ್ಚುಗಳಿರುತ್ತವೆ. ಮುಂದೆ ಹೊಸ ಟಾಪಿಕ್ ಬೇಕಾದಾಗ ‘ನ್ಯೂ ಫ್ರಮ್ ಟೆಂಪ್ಲೇಟ್’ ಆರಿಸಿ, ಫ್ಲೇರ್ ಜೊತೆಗೇ ಬರುವ ‘ಫ್ಯಾಕ್ಟರಿ ಟೆಂಪ್ಲೇಟ್ಸ್’ ಬದಲು ನಿಮ್ಮ ಫೋಲ್ಡರಿನಿಂದ ಆಯ್ದುಕೊಂಡರಾಯಿತು.

ಸ್ನಿಪೆಟ್ ತಯಾರಿಸುವುದು

ಮರುಬಳಕೆಯ ನಿಜವಾದ ದುಡಿಮೆ ಇಲ್ಲಿದೆ. ನಮ್ಮ ಬ್ಯಾಕಪ್ ಎಚ್ಚರಿಕೆಯನ್ನೇ ತೆಗೆದುಕೊಳ್ಳಿ.

1. ಎಚ್ಚರಿಕೆ ಚೆನ್ನಾಗಿ ಬರೆದಿರುವ ಒಂದು ಟಾಪಿಕ್ ತೆರೆದು, ಆ ಪ್ಯಾರಾವನ್ನು ಪೂರ್ತಿಯಾಗಿ ಆಯ್ಕೆ ಮಾಡಿ.
2. ‘ಹೋಮ್’ ರಿಬ್ಬನ್‌ನಲ್ಲಿರುವ ‘ಕ್ರಿಯೇಟ್ ಸ್ನಿಪೆಟ್’ ಒತ್ತಿ.
3. ಕಡತಕ್ಕೆ ಹೆಸರು ಕೊಡಿ. ಕಡತದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಜಾಗ ಬಿಡದೆ ಬರೆಯುವುದು ಒಳ್ಳೆಯದು. ಸ್ನಿಪೆಟ್‌ಗಳು ‘ಕಂಟೆಂಟ್’ ಫೋಲ್ಡರಿನ ‘ರಿಸೋರ್ಸಸ್’ ಒಳಗಿನ ‘ಸ್ನಿಪೆಟ್ಸ್’ ಫೋಲ್ಡರಿನಲ್ಲಿ ಕೂರುತ್ತವೆ. ಎಚ್ಚರಿಕೆ, ಹಂತ, ವ್ಯಾಖ್ಯೆ ಎಂದು ಒಳಫೋಲ್ಡರುಗಳನ್ನು ಮೊದಲೇ ಮಾಡಿಟ್ಟುಕೊಳ್ಳಿ.
4. ಆಯ್ಕೆ ಮಾಡಿದ ಪಠ್ಯದ ಜಾಗದಲ್ಲಿ ಹೊಸ ಸ್ನಿಪೆಟ್ಟನ್ನೇ ಇಡುವ ಆಯ್ಕೆಗೆ ಗುರುತು ಹಾಕಿ. ಇದನ್ನು ಮರೆತರೆ ಸ್ನಿಪೆಟ್ ಹುಟ್ಟುತ್ತದೆ, ಆದರೆ ಅದು ಹುಟ್ಟಿದ ಪುಟದಲ್ಲಿಯೇ ಹಳೆಯ ಪಠ್ಯ ಉಳಿದಿರುತ್ತದೆ.
5. ಉಳಿದ ಪುಟಗಳಿಗೆ ಹೋಗಿ, ಹಳೆಯ ಎಚ್ಚರಿಕೆಯನ್ನು ಅಳಿಸಿ, ‘ಇನ್ಸರ್ಟ್’ ರಿಬ್ಬನ್‌ನ ‘ಸ್ನಿಪೆಟ್’ ಮೂಲಕ ಇದನ್ನು ಸೇರಿಸಿ.

ಒತ್ತುವ ಗುಂಡಿಗಳ ಕಥೆ ಇಲ್ಲಿಗೆ ಮುಗಿಯಿತು. ಕಷ್ಟ ಇರುವುದು ಸ್ನಿಪೆಟ್‌ನ ಒಳಗೆ ಏನು ಬರೆಯಬೇಕು ಎಂಬುದರಲ್ಲಿ.

ಸ್ನಿಪೆಟ್ ಎಲ್ಲಿ ಹೋಗಿ ಕೂರುತ್ತದೆಂದು ಅದಕ್ಕೆ ತಿಳಿಯದು. ಹಾಗಾಗಿ ‘ಮೇಲೆ ಹೇಳಿದಂತೆ’, ‘ಮುಂದಿನ ಹಂತದಲ್ಲಿ’, ‘ಈ ಪುಟದ ಕೊನೆಯಲ್ಲಿ’ ಎಂಬ ಮಾತುಗಳು ಅದರೊಳಗೆ ಇರಬಾರದು. ಶೀರ್ಷಿಕೆಯೂ ಬೇಡ, ಒಂದು ಪುಟದಲ್ಲಿ ಎರಡನೆಯ ಹಂತದ ಶೀರ್ಷಿಕೆಯಾಗಿ ಹೊಂದಿದ್ದು ಇನ್ನೊಂದು ಪುಟದಲ್ಲಿ ಹೊಂದುವುದಿಲ್ಲ. ಸಂಖ್ಯೆ ಹಾಕಿದ ಪಟ್ಟಿಯ ನಡುವೆ, ತನ್ನದೇ ಪಟ್ಟಿ ಇರುವ ಸ್ನಿಪೆಟ್ಟನ್ನು ತುರುಕಿದರೆ ಸಂಖ್ಯೆ ಮತ್ತೆ 1ರಿಂದ ಆರಂಭವಾಗುವ ಸಂಭವ ಇದೆ. ಪಟ್ಟಿಯ ಅಂಶವನ್ನು ಟಾಪಿಕ್‌ನಲ್ಲಿಯೇ ಇಟ್ಟು, ಅದರ ಒಳಗಿನ ಪ್ಯಾರಾ ಮಾತ್ರ ಸ್ನಿಪೆಟ್‌ನಿಂದ ಬರುವಂತೆ ಮಾಡಿದರೆ ಈ ತಾಪತ್ರಯ ಇರುವುದಿಲ್ಲ. ಸ್ನಿಪೆಟ್‌ನೊಳಗೆ ಸ್ನಿಪೆಟ್ ಇಡಲು ಫ್ಲೇರ್ ಬಿಡುತ್ತದೆ, ಆದರೆ ಒಂದು ಪದರಕ್ಕಿಂತ ಆಳಕ್ಕೆ ಇಳಿಯಬೇಡಿ. ಮೂರನೆಯ ಪದರದಲ್ಲಿರುವ ತಪ್ಪನ್ನು ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ.

ಕನ್ನಡದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಇಂಗ್ಲಿಷ್ ಕೈಪಿಡಿಗಳಲ್ಲಿ ವಾಕ್ಯದ ಅರ್ಧ ತುಣುಕನ್ನೂ ಸ್ನಿಪೆಟ್ ಮಾಡುವ ರೂಢಿ ಇದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದಕ್ಕೂ ಮೊದಲು ಬರುವ ಪದಗಳೆಲ್ಲ ಅದಕ್ಕೆ ತಕ್ಕ ಪ್ರತ್ಯಯ ಹಿಡಿದು ನಿಂತಿರುತ್ತವೆ. ‘ಸದಸ್ಯರ ಪಟ್ಟಿಯನ್ನು ತೆರೆದು’ ಎಂಬ ತುಣುಕು ‘ಹೆಸರನ್ನು ಆಯ್ಕೆ ಮಾಡಿ’ ಎಂಬುದರ ಹಿಂದೆ ಸರಿಯಾಗಿ ಕೂರುತ್ತದೆ, ‘ಹೆಸರು ಇಲ್ಲದಿದ್ದರೆ’ ಎಂಬುದರ ಹಿಂದೆ ಕುಂಟುತ್ತದೆ. ಆದ್ದರಿಂದ ಕನ್ನಡದಲ್ಲಿ ಸ್ನಿಪೆಟ್‌ನ ಅತಿ ಚಿಕ್ಕ ಅಳತೆ ಒಂದು ಪೂರ್ಣ ವಾಕ್ಯ. ಅದಕ್ಕಿಂತ ಚಿಕ್ಕದನ್ನು ಮರುಬಳಸುವ ಆಸೆಯನ್ನು ಬಿಟ್ಟುಬಿಡುವುದೇ ಲೇಸು.

ವಿಧಿರೂಪವೂ ಒಂದೇ ಆಗಿರಬೇಕು. ಟಾಪಿಕ್ ಬರೆದವರು ‘ಒತ್ತಿ’ ಎಂದಿದ್ದು, ಸ್ನಿಪೆಟ್ ಬರೆದವರು ‘ಒತ್ತಿರಿ’ ಎಂದಿದ್ದು, ಟೆಂಪ್ಲೇಟಿನಲ್ಲಿ ‘ಒತ್ತಬೇಕು’ ಎಂದಿದ್ದರೆ, ಒಂದೇ ಪುಟದಲ್ಲಿ ಮೂವರು ಮಾತಾಡಿದಂತೆ ಕೇಳುತ್ತದೆ. ‘ಗುಂಡಿ’ಯೋ ‘ಬಟನ್ನೋ’, ‘ಕಡತ’ವೋ ‘ಫೈಲೋ’ ಎಂಬುದನ್ನೂ ಮೊದಲ ಸ್ನಿಪೆಟ್ ಬರೆಯುವ ಮೊದಲೇ ತೀರ್ಮಾನಿಸಿ. ಯಾವುದಾದರೂ ಸರಿ, ಒಂದೇ ಇರಲಿ. (ನನ್ನ ಓಟು ‘ಗುಂಡಿ’ಗಿಂತ ‘ಬಟನ್’ ಕಡೆಗೆ; ಹಾಲಿನ ಡೇರಿಯ ಕಾರ್ಯದರ್ಶಿ ಆಡುವ ಮಾತು ಅದು.)

ವೇರಿಯಬಲ್ ಮತ್ತು ವಿಭಕ್ತಿ

ತಂತ್ರಾಂಶದ ಹೆಸರು, ಆವೃತ್ತಿಯ ಸಂಖ್ಯೆ, ಸಹಾಯವಾಣಿ ಇಂಥವಕ್ಕೆ ವೇರಿಯಬಲ್ ಬೇಕು. ‘ಪ್ರಾಜೆಕ್ಟ್ ಆರ್ಗನೈಸರ್’ನಲ್ಲಿರುವ ‘ವೇರಿಯಬಲ್ಸ್’ ತೆರೆದು, ಒಂದು ಗುಂಪಿನಲ್ಲಿ ‘ಉತ್ಪನ್ನದ ಹೆಸರು’ ಎಂಬ ವೇರಿಯಬಲ್ ಸೇರಿಸಿ, ಅದರ ಬೆಲೆಯನ್ನು (ಅಂದರೆ ಅದು ತೋರಿಸಬೇಕಾದ ಪಠ್ಯವನ್ನು) ‘ಗಿಂಡಿ’ ಎಂದು ಕೊಟ್ಟರೆ ಮುಗಿಯಿತು. ಪಠ್ಯದಲ್ಲಿ ಬೇಕಾದಲ್ಲಿ ‘ಇನ್ಸರ್ಟ್’ ಮೂಲಕ ಹಾಕಬಹುದು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಷ್ಟು ಹೇಳಿದರೆ ಸಾಕಿತ್ತು.

ಕನ್ನಡದಲ್ಲಿ ನಾಮಪದ ಒಂಟಿಯಾಗಿ ನಿಲ್ಲುವುದು ಅಪರೂಪ. ‘ಗಿಂಡಿಯನ್ನು ತೆರೆಯಿರಿ’, ‘ಗಿಂಡಿಯಲ್ಲಿ ನಮೂದಿಸಿ’, ‘ಗಿಂಡಿಗೆ ಲಾಗಿನ್ ಆಗಿ’ ಎಂದು ಬರೆಯುತ್ತೇವೆ. ವೇರಿಯಬಲ್ ಹಾಕಿ ಅದರ ಬೆನ್ನಿಗೇ ‘ಯನ್ನು’, ‘ಯಲ್ಲಿ’, ‘ಗೆ’ ಎಂದು ಬರೆದರೆ ಇವತ್ತು ಎಲ್ಲವೂ ಸರಿಯಾಗಿ ಕಾಣುತ್ತದೆ. ನಾಳೆ ಮಾರಾಟದವರು ಹೆಸರನ್ನು ‘ಕೊಡ’ ಎಂದು ಬದಲಿಸಿದರೆ? ಒಂದೇ ಬದಲಾವಣೆಯಲ್ಲಿ ಕೈಪಿಡಿಯ ತುಂಬ ‘ಕೊಡಯನ್ನು’, ‘ಕೊಡಯಲ್ಲಿ’, ‘ಕೊಡಗೆ’ ಎಂದು ಬೀಳುತ್ತದೆ. ಬೇಕಾಗಿದ್ದದ್ದು ಕೊಡವನ್ನು, ಕೊಡದಲ್ಲಿ, ಕೊಡಕ್ಕೆ. ಹೆಸರು ‘ಕ್ಯಾನ್’ ಎಂದಾದರೆ ಇನ್ನೊಂದು ಬಗೆಯ ಅವಾಂತರ. ಅಕಾರಾಂತಕ್ಕೊಂದು, ಇಕಾರಾಂತಕ್ಕೊಂದು, ವ್ಯಂಜನಾಂತಕ್ಕೊಂದು ಸಂಧಿಯ ದಾರಿ ಇದೆ, ಫ್ಲೇರ್ ಇದನ್ನು ತಾನಾಗಿ ಸರಿಮಾಡಿಕೊಡುವುದಿಲ್ಲ.

ಇದಕ್ಕೆ ಎರಡು ಪರಿಹಾರಗಳಿವೆ. ಒಂದನೆಯದು, ಪ್ರತಿ ವಿಭಕ್ತಿಗೂ ಒಂದೊಂದು ವೇರಿಯಬಲ್ ಮಾಡುವುದು: ಪ್ರಥಮಾ ರೂಪಕ್ಕೊಂದು, ದ್ವಿತೀಯಾ ರೂಪಕ್ಕೊಂದು, ಚತುರ್ಥಿಗೊಂದು, ಷಷ್ಠಿಗೊಂದು, ಸಪ್ತಮಿಗೊಂದು. ಹೆಸರು ಬದಲಾದಾಗ ಐದು ಕಡೆ ತಿದ್ದಿದರೆ ಸಾಕು, ಕೈಪಿಡಿಯ ಭಾಷೆ ಸಹಜವಾಗಿ ಉಳಿಯುತ್ತದೆ. ಆದರೆ ಬರೆಯುವವರು ಪ್ರತಿ ಸಲವೂ ಸರಿಯಾದ ವೇರಿಯಬಲ್ ಆರಿಸಬೇಕಾದ ಹೊರೆ ಇದೆ. ಎರಡನೆಯದು, ವೇರಿಯಬಲ್‌ನ ಮುಂದೆ ಒಂದು ಸಾಮಾನ್ಯ ನಾಮಪದವನ್ನು ನಿಲ್ಲಿಸಿ ಪ್ರತ್ಯಯವನ್ನು ಅದಕ್ಕೆ ಹಚ್ಚುವುದು: ‘ಗಿಂಡಿ ತಂತ್ರಾಂಶವನ್ನು ತೆರೆಯಿರಿ’, ‘ಗಿಂಡಿ ತಂತ್ರಾಂಶದಲ್ಲಿ ನಮೂದಿಸಿ’. ಹೆಸರು ಏನೇ ಆದರೂ ವಾಕ್ಯ ಕೆಡುವುದಿಲ್ಲ. ಸ್ವಲ್ಪ ಉದ್ದವಾಗುತ್ತದೆ ನಿಜ, ಆದರೂ ನಾನು ಆರಿಸಿಕೊಳ್ಳುವುದು ಇದನ್ನೇ. ಪರದೆಯ ಮೇಲಿನ ಹೆಸರುಗಳಿಗೂ ಇದೇ ಉಪಾಯ ಒಪ್ಪುತ್ತದೆ: ‘ಉಳಿಸು ಬಟನ್ ಒತ್ತಿ’, ‘ಬಟವಾಡೆ ಮೆನುವಿಗೆ ಹೋಗಿ’ ಎಂದು ಬರೆದರೆ, ಆ ಹೆಸರುಗಳನ್ನು ವೇರಿಯಬಲ್ ಮಾಡಲು ತೊಡಕಿಲ್ಲ.

ಸ್ನಿಪೆಟ್‌ಗೆಂದೇ ಇರುವ ‘ಸ್ನಿಪೆಟ್ ವೇರಿಯಬಲ್’ ಎಂಬುದೂ ಉಂಟು. ‘ಈ ಕೆಲಸವನ್ನು ಕಾರ್ಯದರ್ಶಿ ಮಾತ್ರ ಮಾಡಬಹುದು’ ಎಂಬ ಸ್ನಿಪೆಟ್‌ನಲ್ಲಿ ‘ಕಾರ್ಯದರ್ಶಿ’ ಎಂಬ ಪದವನ್ನು ಸ್ನಿಪೆಟ್ ವೇರಿಯಬಲ್ ಮಾಡಿದರೆ, ಹಾಲಿನ ಗುಣಮಟ್ಟ ದಾಖಲಿಸುವ ಪುಟದಲ್ಲಿ ಅದೇ ಸ್ನಿಪೆಟ್ ‘ಹಾಲು ಪರೀಕ್ಷಕರು’ ಎಂದು ತೋರುವಂತೆ ಬೆಲೆ ಬದಲಿಸಬಹುದು. ‘ಮಾಡಬಹುದು’ ಎಂಬ ಕ್ರಿಯಾಪದ ಏಕವಚನಕ್ಕೂ ಬಹುವಚನಕ್ಕೂ ಹೊಂದುತ್ತದೆ ಎಂಬುದನ್ನು ಗಮನಿಸಿ. ‘ಮಾಡುತ್ತಾರೆ’ ಎಂದು ಬರೆದಿದ್ದರೆ ‘ಕಾರ್ಯದರ್ಶಿ’ಯ ಜೊತೆ ಗೌರವಾರ್ಥದಲ್ಲಿ ಒಪ್ಪೀತು, ‘ಯಂತ್ರ’ದ ಜೊತೆ ಒಪ್ಪದು. ಸ್ನಿಪೆಟ್ ಬರೆಯುವಾಗ ಲಿಂಗವಚನಗಳ ಹಂಗಿಲ್ಲದ ಕ್ರಿಯಾರೂಪಗಳನ್ನು ಹುಡುಕುವುದು ಕ್ರಮೇಣ ಅಭ್ಯಾಸವಾಗುತ್ತದೆ.

ಹಳೆಯ ಪಠ್ಯವನ್ನು ತರುವಾಗ

ಹಳೆಯ ಕೈಪಿಡಿಗಳು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಅಕ್ಷರಶೈಲಿಗಳಲ್ಲಿ ಇರುವುದುಂಟು. ಅಂಥ ಪಠ್ಯವನ್ನು ನೇರವಾಗಿ ಸ್ನಿಪೆಟ್‌ಗೆ ಅಂಟಿಸಿದರೆ ಅದು ಕಂಪ್ಯೂಟರಿನ ಕಣ್ಣಿಗೆ ಕನ್ನಡವೇ ಅಲ್ಲ. ಹುಡುಕಾಟದಲ್ಲಿ ಸಿಗದು, ಬೇರೆ ಅಕ್ಷರಶೈಲಿಯಲ್ಲಿ ಓದಲಾಗದು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒಂದು ಸಲ ಕಣ್ಣಾಡಿಸಿ, ಆಮೇಲೆ ತನ್ನಿ.

ಯೂನಿಕೋಡ್‌ನಲ್ಲಿಯೂ ಕಣ್ಣಿಗೆ ಕಾಣದ ಒಂದು ಕಳ್ಳ ಇದ್ದಾನೆ. ‘ಸಾಫ್ಟ್‌ವೇರ್’ ಎಂಬಲ್ಲಿ ಅರ್ಧಾಕ್ಷರ ಒತ್ತಕ್ಷರವಾಗದಂತೆ ತಡೆಯಲು ನಾವು ಹಾಕುವ ಶೂನ್ಯ ಅಗಲದ ಅಕ್ಷರವನ್ನು ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟಿದ್ದರೆ, ಎರಡೂ ಬೇರೆ ಬೇರೆ ಪದಗಳೆಂದು ತಂತ್ರಾಂಶ ಭಾವಿಸುವ ಸಾಧ್ಯತೆ ಇದೆ. ಹಳೆಯ 40 ಎಚ್ಚರಿಕೆಗಳನ್ನು ಹುಡುಕಿ ಸ್ನಿಪೆಟ್ ಹಾಕುವಾಗ 31 ಮಾತ್ರ ಸಿಕ್ಕರೆ ಕಾರಣ ಇದೇ ಇರಬಹುದು. ಇಂಥ ಪದ ಇಲ್ಲದ, ಅಪ್ಪಟ ಕನ್ನಡದ ಎರಡು ಪದಗಳನ್ನು ಆರಿಸಿ ಹುಡುಕುವುದು ಸುಲಭದ ದಾರಿ.

ಕಾಪಾಡಿಕೊಳ್ಳುವುದು

ಸ್ನಿಪೆಟ್ ತಿದ್ದುವ ಮೊದಲು ಅದರ ಮೇಲೆ ಬಲಕ್ಲಿಕ್ ಮಾಡಿ ‘ವ್ಯೂ ಲಿಂಕ್ಸ್’ ನೋಡಿ. ಯಾವ ಯಾವ ಪುಟಗಳಲ್ಲಿ ಅದು ಕೂತಿದೆಯೆಂಬ ಪಟ್ಟಿ ಸಿಗುತ್ತದೆ. ಎರಡೇ ಪುಟಕ್ಕೆ ಬೇಕಾದ ಬದಲಾವಣೆಗಾಗಿ 40 ಪುಟಗಳನ್ನು ಬದಲಿಸಿಬಿಡುವ ಅವಘಡ ಇದರಿಂದ ತಪ್ಪುತ್ತದೆ. ಒಂದೇ ಪುಟಕ್ಕೆ ಬೇರೆ ಮಾತು ಬೇಕಾದರೆ ‘ಕನ್ವರ್ಟ್ ಟು ಟೆಕ್ಸ್ಟ್’ ಮಾಡಬಹುದು, ಆದರೆ ಆ ಕ್ಷಣದಿಂದ ಆ ಪುಟ ಅನಾಥ. ಮುಂದಿನ ತಿದ್ದುಪಡಿಗಳು ಅಲ್ಲಿಗೆ ತಲುಪುವುದಿಲ್ಲ. ಕಂಡಿಶನ್ ಟ್ಯಾಗ್‌ನಿಂದ ಕೆಲಸ ಆಗುವುದಾದರೆ ಅದನ್ನೇ ಬಳಸಿ. ಕಡತಗಳ ಹೆಸರು ಬದಲಿಸುವುದು, ಜಾಗ ಬದಲಿಸುವುದು ಎಲ್ಲವೂ ಫ್ಲೇರ್‌ನ ಒಳಗಿನಿಂದಲೇ ಆಗಬೇಕು. ಆಗ ಅದು ಕೊಂಡಿಗಳನ್ನೂ ಸರಿಪಡಿಸುತ್ತದೆ. ವಿಂಡೋಸ್‌ನ ಫೋಲ್ಡರಿಗೆ ಹೋಗಿ ಹೆಸರು ಬದಲಿಸಿದರೆ ಕೊಂಡಿಗಳು ಕಡಿದುಹೋಗುತ್ತವೆ. ಕಡಿದವನ್ನು ಹುಡುಕಲು ‘ಅನಾಲಿಸಿಸ್’ ರಿಬ್ಬನ್‌ನಲ್ಲಿ ವರದಿಗಳಿವೆ.

ಕೊನೆಗೆ ಒಂದು ಪರೀಕ್ಷೆ. ಈಗಿರುವ ಟಾರ್ಗೆಟ್‌ನ ಒಂದು ನಕಲು ಮಾಡಿ ‘ಪರೀಕ್ಷೆ’ ಎಂದು ಹೆಸರಿಡಿ. ಟಾರ್ಗೆಟ್‌ನ ‘ವೇರಿಯಬಲ್ಸ್’ ಭಾಗದಲ್ಲಿ ಉತ್ಪನ್ನದ ಹೆಸರನ್ನು ‘ಕೊಡ’ ಎಂದು ಬದಲಿಸಿ. ಇದರಿಂದ ಮೂಲ ಬೆಲೆ ಬದಲಾಗುವುದಿಲ್ಲ, ಆ ಔಟ್‌ಪುಟ್‌ಗೆ ಮಾತ್ರ ಹೊಸ ಹೆಸರು ಸಿಗುತ್ತದೆ. ಬಿಲ್ಡ್ ಮಾಡಿ, ಬಂದ ಕೈಪಿಡಿಯಲ್ಲಿ ‘ಗಿಂಡಿ’ ಎಂದು ಹುಡುಕಿ: ಸಿಕ್ಕ ಜಾಗಗಳೆಲ್ಲ ವೇರಿಯಬಲ್ ಹಾಕದೆ ಕೈಯಲ್ಲಿ ಬರೆದವು. ಬಳಿಕ ‘ಕೊಡಯ’, ‘ಕೊಡಗೆ’ ಎಂದು ಹುಡುಕಿ: ಸಿಕ್ಕವೆಲ್ಲ ವೇರಿಯಬಲ್‌ಗೆ ಪ್ರತ್ಯಯ ಅಂಟಿಸಿದವು. ಅವನ್ನು ಮೂಲ ಟಾಪಿಕ್‌ನಲ್ಲಿಯೋ ಸ್ನಿಪೆಟ್‌ನಲ್ಲಿಯೋ ತಿದ್ದಿ, ಎರಡೂ ಹುಡುಕಾಟಗಳಿಗೆ ಏನೂ ಸಿಗದಿರುವ ತನಕ ಮತ್ತೆ ಬಿಲ್ಡ್ ಮಾಡಿ.